ಅರಿಶಿನ ಗಾಜಿನಲ್ಲಿ ಚಿತ್ತೆಯ ಮೋಡ

ನಾನು ಮದುವೆಯಾಗಿ ಹುಕ್ಕೇರಿಯಿಂದ ಗೋಕಾಕಕ್ಕೆ ಬಂದಾಗ, ಫೋಟೋ ತೆಗೆಯುವುದೂ ಒಂದು ಉದ್ಯೋಗ ಎಂದು ನಮ್ಮ ಓಣಿಯ ಯಾರೂ ನಂಬಿರಲಿಲ್ಲ. ನಮ್ಮ ತಂದೆಯವರದು ಬೆಲ್ಲದ ವ್ಯಾಪಾರ, ಜೊತೆಗೆ ಒಂದಿಷ್ಟು ಹೊಲ. "ಹುಡುಗ ಏನ್ ಮಾಡತಾನ್ರಿ?" ಎಂದು ಯಾರಾದರೂ ಕೇಳಿದರೆ ಅವರು ಸ್ವಲ್ಪ ತಡೆದು, "ಅಂಗಡಿ ಐತ್ರಿ" ಎಂದಷ್ಟೇ ಹೇಳುತ್ತಿದ್ದರು. ಯಾವ ಅಂಗಡಿ ಎಂದು ಮುಂದೆ ಕೇಳುವವರಿಗೆ ಚಹಾ ತರಿಸುತ್ತಿದ್ದರು.

ಅಂಗಡಿ ಗೋಕಾಕದ ಪೇಟೆಯಲ್ಲಿ, ಒಂದು ಅಟ್ಟದ ಮೇಲಿತ್ತು. ಉತ್ತರಕ್ಕೆ ದೊಡ್ಡ ಗಾಜಿನ ಕಿಟಕಿ, ಗೋಡೆಗೆ ಅರಮನೆಯ ಮೆಟ್ಟಿಲು ಬರೆದ ಪರದೆ, ಅದರ ಮುಂದೆ ಒಂದು ಕುರ್ಚಿ. ಹಿಂದೆಯೇ ನಾವಿಬ್ಬರೂ ಅತ್ತೆಯವರೂ ಇದ್ದ ಮನೆ. ಮೊದಲು ಜೋಳ ತುಂಬುತ್ತಿದ್ದ ಕೋಣೆಯನ್ನು ನನ್ನ ಗಂಡ ಕತ್ತಲೆ ಕೋಣೆ ಮಾಡಿಕೊಂಡಿದ್ದರು. ಆಗಿನ ಕ್ಯಾಮರಾಕ್ಕೆ ಗಾಜಿನ ಪ್ಲೇಟು ಹಾಕಬೇಕಾಗಿತ್ತು. ಆ ಪ್ಲೇಟನ್ನು ಕೆಂಪು ದೀಪದ ಬೆಳಕಿನಲ್ಲಿ ಔಷಧದ ನೀರಿನಲ್ಲಿ ಅದ್ದಿದರೆ ಚಿತ್ರ ತಿರುವುಮುರುವಾಗಿ ಮೂಡುತ್ತಿತ್ತು: ಬಿಳಿ ಅಂಗಿ ಕಪ್ಪಾಗಿ, ಕಪ್ಪು ಕೂದಲು ಬಿಳಿಯಾಗಿ. ಮೊದಲ ಸಲ ನೋಡಿದಾಗ ನನಗೆ ಹೆದರಿಕೆಯಾಗಿತ್ತು.

ನಾನು ಆ ಕೆಲಸಕ್ಕೆ ಕೈ ಹಾಕಿದ್ದು ಮದುವೆಯಾದ ಎರಡನೆಯ ವರ್ಷ. ಪ್ಲೇಟನ್ನು ತಿದ್ದುವ ಕೆಲಸ ಕಣ್ಣು ಕೀಳುವಂಥದ್ದು. ಓರೆಯಾದ ಮೇಜಿನ ಮೇಲೆ ಪ್ಲೇಟು ಇಟ್ಟು, ಕೆಳಗಿನ ಕನ್ನಡಿಯಿಂದ ಬೆಳಕು ಹಾಯಿಸಿಕೊಂಡು, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲಿನಿಂದ ಚುಕ್ಕೆ ಚುಕ್ಕೆಯಾಗಿ ತುಂಬಬೇಕು. ಮುಖದ ಕಲೆ, ಧೂಳಿನ ಗುರುತು, ಕಣ್ಣ ಕೆಳಗಿನ ಕಪ್ಪು, ಎಲ್ಲವೂ ಅಲ್ಲೇ ಮಾಯವಾಗಬೇಕು. ನನ್ನ ಗಂಡನಿಗೆ ಒಂದು ತಾಸು ಕೂತರೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಒಂದು ದಿನ ನಾನೇ ಕೇಳಿದೆ, "ನಾ ಮಾಡ್ಲೇನ್ರಿ?"

"ಕೈ ನಡಗಿದ್ರ ಪ್ಲೇಟ ಹಾಳಾಗತೈತಿ" ಎಂದರು.

ನನ್ನ ಕೈ ನಡುಗುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಕಟ್ಟಿಗೆಯ ಆಟಿಕೆ ಹಣ್ಣುಗಳಿಗೆ ಬಣ್ಣ ಹಾಕುವ ಮುದುಕಿಯೊಬ್ಬಳಿದ್ದಳು. ಬೇಸರವಾದಾಗಲೆಲ್ಲ ಅವಳ ಹತ್ತಿರ ಕೂತು ನಾನು ಬಾಳೆಹಣ್ಣಿಗೆ ಕಪ್ಪು ಚುಕ್ಕೆ ಇಡುವುದನ್ನೂ ಪೇರಲಕ್ಕೆ ಹಸಿರು ಬಳಿಯುವುದನ್ನೂ ಕಲಿತಿದ್ದೆ. ಒಂದು ವಾರದಲ್ಲಿ ತಿದ್ದುವ ಮೇಜು ನನ್ನದಾಯಿತು.

ಹೊಸದರಲ್ಲಿ ನಾನು ವಿಪರೀತ ತಿದ್ದುತ್ತಿದ್ದೆ. ಯಮಕನಮರಡಿಯಿಂದ ಒಬ್ಬ ತಾಯಿ ಮದುವೆಗೆ ಬಂದ ಮಗಳನ್ನು ಕರೆತಂದು ಫೋಟೋ ತೆಗೆಸಿದ್ದಳು. ಹುಡುಗಿಯ ಮುಖದಲ್ಲಿ ಸಿಡುಬಿನ ಕಲೆಗಳಿದ್ದವು. ನಾನು ಒಂದೂ ಬಿಡದೆ ಅಳಿಸಿದೆ. ತಾಯಿ ಚಿತ್ರವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, "ಬಾಳ ಚಂದ ಅದಾಳ್ರಿ. ಆದ್ರ ಇಕಿ ಯಾರ?" ಎಂದಳು. ತಮಾಷೆಗೆ ಹೇಳಿದ್ದಲ್ಲ, ಖರೆಯಾಗಿಯೂ ಕೇಳಿದ್ದಳು. ನಾನು ಇನ್ನೊಂದು ಪ್ರತಿಗೆ ಪ್ಲೇಟಿನ ಮೇಲಿನ ಪೆನ್ಸಿಲ್ ಗುರುತು ತೊಳೆದು, ಕಲೆಗಳನ್ನು ಸ್ವಲ್ಪ ತಿಳಿ ಮಾಡಿ ಬಿಟ್ಟೆ. ಆ ಚಿತ್ರ ನೋಡಿ ಅವಳು ನಕ್ಕಳು. ಹುಡುಗಿಯೂ ನಕ್ಕಳು.

ಇದೆಲ್ಲ ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮೊದಲಿನ ಮಾತು. ಆ ಸಲ ಮಹಾನವಮಿಯ ಮುಂದೆ ಮೂಡಲಗಿಯ ಒಬ್ಬ ಬಟ್ಟೆ ವ್ಯಾಪಾರಿ ನಮ್ಮ ಅಟ್ಟ ಹತ್ತಿದರು. ಜೈನರು, ದೊಡ್ಡ ಮನೆತನ. ಅರ್ಧ ಮಾತು ಕನ್ನಡ, ಅರ್ಧ ಮರಾಠಿ. ಹೊಸ ವರ್ಷಕ್ಕೆ ತಮ್ಮ ಅಂಗಡಿಯದೊಂದು ಕ್ಯಾಲೆಂಡರ್ ಮಾಡಿಸಿ ಗಿರಾಕಿಗಳಿಗೆಲ್ಲ ಕೊಡಬೇಕೆಂಬ ಆಸೆ ಅವರಿಗೆ.

"ದೇವರ ಪಟ ಎಲ್ಲಾರೂ ಹಾಕತಾರ. ನನಗ ನಮ್ಮ ಫಾಲ್ಸಿನ ಚಿತ್ರ ಬೇಕ್ರಿ" ಎಂದರು. "ಕೊಲ್ಹಾಪುರದಿಂದ, ಬೆಳಗಾವಿಯಿಂದ ಮಂದಿ ಗಾಡಿ ಮಾಡ್ಕೊಂಡು ನೋಡಾಕ ಬರತಾರ. ನಮ್ಮ ಹಳ್ಳಿ ರೈತಗ ಅದನ್ನ ನೋಡಾಕ ಪುರಸತ್ತ ಎಲ್ಲೈತಿ? ಅವನ ಗ್ವಾಡಿಗೇ ಫಾಲ್ಸ್ ಬರ್ಲಿ. ಏಕದಂ ಫಸ್ಟ್‌ಕ್ಲಾಸ್ ಆಗಬೇಕು ನೋಡ್ರಿ. ದೀಪಾವಳಿ ಒಳಗ ಅಚ್ಚುಕೂಟಕ್ಕ ಹೋಗಬೇಕು."

ಮಳೆಗಾಲದಲ್ಲಿ ಘಟಪ್ರಭೆ ಗೋಕಾಕ ಜಲಪಾತದಲ್ಲಿ ಕೆಂಪು ರಾಡಿಯಾಗಿ ಬಂಡೆಗಳೇ ಕಾಣದಂತೆ ಒಂದೇ ಹಾಸಾಗಿ ಬೀಳುತ್ತದೆ. ಬೇಸಿಗೆಯಲ್ಲಿ ಬರಿಯ ಬಂಡೆ. ನಡುವೆ, ಮಹಾನವಮಿಯಿಂದ ದೀಪಾವಳಿಯವರೆಗಿನ ಆ ಕೆಲವು ವಾರ, ನೀರು ತಿಳಿಯಾಗುತ್ತದೆ, ಕಡಿಮೆಯಾಗುತ್ತದೆ, ಬಂಡೆಯ ಮೆಟ್ಟಿಲುಗಳ ಮೇಲೆ ಬೇರೆ ಬೇರೆ ಎಳೆಯಾಗಿ ಇಳಿಯುತ್ತದೆ. ದಂಡೆಯ ಹುಲ್ಲು ತೆನೆ ಬಿಟ್ಟು ಹಳದಿಗೆ ತಿರುಗುತ್ತದೆ. ಗುಡ್ಡದ ಕೆಳಗಿನ ಹೊಲಗಳಲ್ಲಿ ಗುರೆಳ್ಳು ಹೂವಾಗಿರುತ್ತದೆ. ಚಿತ್ರಕ್ಕೆ ಅದೇ ಕಾಲ ಎಂದು ನನ್ನ ಗಂಡನಿಗೆ ಗೊತ್ತಿತ್ತು. ಬನ್ನಿ ಕೊಟ್ಟ ಮರುದಿನವೇ ಚಕ್ಕಡಿಯಲ್ಲಿ ಕ್ಯಾಮರಾ ಹೇರಿಕೊಂಡು ಹೋಗಿ ಚಿತ್ರ ತೆಗೆದುಕೊಂಡು ಬಂದರು.

ನೀರು ಚೆನ್ನಾಗಿ ಬಂದಿತ್ತು, ಬಂಡೆಗಳೂ ಚೆನ್ನಾಗಿ ಬಂದಿದ್ದವು. ಜಲಪಾತದ ನೆತ್ತಿಯ ತೂಗುಸೇತುವೆಯ ಒಂದೊಂದು ಹಗ್ಗವನ್ನೂ ಎಣಿಸಬಹುದಾಗಿತ್ತು. ಆದರೆ ಆಕಾಶ ಮಾತ್ರ ಖಾಲಿ ಕಾಗದ. ಆಗಿನ ಪ್ಲೇಟುಗಳ ದೋಷವೇ ಅದು. ಅವುಗಳಿಗೆ ನೀಲಿಯೂ ಬಿಳಿಯೂ ಒಂದೇ. ಹೀಗಾಗಿ ಮೋಡ ಆಕಾಶದಲ್ಲಿ ಕರಗಿಹೋಗುತ್ತಿತ್ತು.

ಎಲ್ಲ ಫೋಟೋದವರೂ ಅದಕ್ಕೊಂದು ಉಪಾಯ ಇಟ್ಟುಕೊಂಡಿರುತ್ತಿದ್ದರು. ಮೋಡ ಚೆನ್ನಾಗಿ ಬಂದ ಯಾವುದೋ ಒಂದು ಪ್ಲೇಟು ಪೆಟ್ಟಿಗೆಯಲ್ಲಿ ಇದ್ದೇ ಇರುತ್ತಿತ್ತು. ಕಾಗದದ ಮೇಲೆ ಮೊದಲು ನೆಲದ ಚಿತ್ರವನ್ನು ಬಿಸಿಲಿಗೆ ಒಡ್ಡಿ ಮೂಡಿಸುವುದು, ಆಗ ಆಕಾಶದ ಭಾಗವನ್ನು ಮುಚ್ಚಿಡುವುದು. ಆಮೇಲೆ ನೆಲವನ್ನು ಮುಚ್ಚಿ ಆ ಜಾಗಕ್ಕೆ ಇನ್ನೊಂದು ಪ್ಲೇಟಿನ ಮೋಡ ಮೂಡಿಸುವುದು. ಎರಡೂ ಸೇರುವ ಗೆರೆ ಕಾಣದಂತೆ ಮಾಡುವುದೇ ಕೈಚಳಕ. ಆ ಕೈಚಳಕ ನನ್ನದಾಗಿತ್ತು. ಎಡದಂಡೆಯಲ್ಲಿದ್ದ ತಂತಿಕಂಬವನ್ನೂ ವ್ಯಾಪಾರಿಯ ಅಪೇಕ್ಷೆಯಂತೆ ನಾನೇ ಕೆರೆದು ತೆಗೆದೆ. ಎರಡು ದಿನ ಮಾಳಿಗೆಯ ಮೇಲೆ ಬಿಸಿಲಲ್ಲಿ ಕೂತು ಪ್ರತಿ ತೆಗೆದೆ. ಜಲಪಾತದ ಮೇಲೆ ಗುಡ್ಡದಂಥ ಕಪ್ಪು ಮೋಡ ಏರಿ ನಿಂತಿತು. ನನ್ನ ಗಂಡ ಅದನ್ನು ನೋಡಿ ನನ್ನ ಬೆನ್ನು ತಟ್ಟಿದರು. ವ್ಯಾಪಾರಿಯಂತೂ ಬಂದವರೇ, "ವಾ ವಾ! ಕಾಯ ಸುಂದರ!" ಎಂದು ಕೂಗಿಬಿಟ್ಟರು. ಅಚ್ಚುಕೂಟದವರು ಕೇಳಿದ ಅಳತೆಯ ದೊಡ್ಡ ಪ್ರತಿಯನ್ನು ಹತ್ತು ಹನ್ನೆರಡು ದಿನದಲ್ಲಿ ಮೂಡಲಗಿಗೆ ತಲುಪಿಸುವುದೆಂದು ಮಾತಾಯಿತು.

ಅಲ್ಲಿಗೆ ಕೆಲಸ ಮುಗಿಯಬೇಕಿತ್ತು. ಆ ವಾರದ ಸಂತೆಗೆ ನಾಗನೂರಿನಿಂದ ನನ್ನ ಸೋದರಮಾವ ಬಂದರು. ಅವರು ಹೊಲ ಬಿಟ್ಟು ಬೇರೆ ಕಂಡವರಲ್ಲ, ಅಕ್ಷರ ಕಲಿತವರಲ್ಲ. ಬಂದಾಗಲೆಲ್ಲ ನನ್ನ ತಿದ್ದುವ ಮೇಜಿನ ಹತ್ತಿರ ನೆಲದ ಮೇಲೆ ಕೂತು ಚಹಾ ಕುಡಿದು ಹೋಗುತ್ತಿದ್ದರು. ಅವತ್ತು ದಾರಕ್ಕೆ ಒಣಹಾಕಿದ ಜಲಪಾತದ ಪ್ರತಿಯನ್ನು ನೋಡುತ್ತ ಬಸಿಯಲ್ಲಿದ್ದ ಚಹಾ ಕುಡಿಯುವುದನ್ನೇ ಮರೆತರು.

"ಇದು ಯಾವಾಗ ತಗದಿದ್ದವಾ?"

"ಮೊನ್ನೆ ಮಾವಾ. ಮಹಾನವಮಿ ಮುಗದ ಮ್ಯಾಲ."

"ಹೌದಾ?" ಅವರು ಎದ್ದು ಹತ್ತಿರ ಹೋದರು. "ನೀರು ಈಗಿಂದನ ಐತಿ. ಹುಲ್ಲೂ ತೆನಿ ಬಿಟ್ಟೈತಿ. ಆದ್ರ ಈ ಮೋಡ ಮಳಿಗಾಲ ಸುರುವಾಗೂ ಆರಿದ್ರಿ ಮಳಿದು. ಇಂಥಾ ಮೋಡ ಕಟ್ಟಿದಾಗ ನೀರು ಹಿಂಗ ತಿಳಿ ಇರತೈತೇನ? ಹುಲ್ಲು ಇನ್ನ ಗೇಣಷ್ಟೂ ಬಂದಿರೂದಿಲ್ಲ."

ನಾನು ನಕ್ಕು ಮಾತು ಮರೆಸಲು ನೋಡಿದೆ. ಅವರು ಬಿಡಲಿಲ್ಲ. "ಎರಡು ಕಾಲ ಒಂದ ಕಡೆ ಹೆಂಗ ಕುಂತಾವ?" ಎಂದು ಕೇಳಿದರು. ಕೊನೆಗೆ ನಾನು ಹೇಗೆ ಮಾಡಿದೆನೆಂದು ಹೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ. ನನ್ನ ತಲೆಯ ಮೇಲೆ ಕೈ ಇಟ್ಟು, "ಶಾಣ್ಯಾಕಿ ಅದಿ. ಕೂಡಿಸಿದ್ದು ಗೊತ್ತ ಆಗಂಗಿಲ್ಲ" ಎಂದು ಹೊಗಳಿ, ಸಂತೆಗೆ ಹೋದರು.

ಆ ಹೊಗಳಿಕೆ ನನಗೆ ಚುಚ್ಚಿತು. ಅವರು ಹೋದ ಮೇಲೆ ಪ್ರತಿಯನ್ನು ಕಿಟಕಿಗೆ ಹಿಡಿದು ನೋಡಿದರೆ, ನನ್ನ ಕಣ್ಣಿಗೆ ಇನ್ನೊಂದು ತಪ್ಪೂ ಬಿತ್ತು. ಬಂಡೆಗಳ ನೆರಳು ಎಡಕ್ಕೆ ಚಾಚಿತ್ತು, ಅಂದರೆ ಬೆಳಕು ಬಲದಿಂದ. ಮೋಡದ ಅಂಚು ಹೊಳೆಯುತ್ತಿದ್ದುದು ಎಡಗಡೆ. ಒಂದೇ ಆಕಾಶದಲ್ಲಿ ಎರಡು ಸೂರ್ಯ! ಎರಡು ದಿನ ಅದರ ಮೇಲೆ ಬಗ್ಗಿ ಕೂತವಳಿಗೆ ಇದು ಕಂಡಿರಲಿಲ್ಲ.

ಗಂಡನಿಗೆ ತೋರಿಸಿದೆ. ಅವರು ಒಂದು ಕ್ಷಣ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು.

"ಮೋಡಕ್ಕ ಯಾವ ಊರು, ಯಾವ ತಿಂಗಳಾ?" ಎಂದರು. "ಗಿರಾಕಿ ಒಪ್ಪ್ಯಾನ. ಇನ್ನ ಯಾಕ ಕೆದರತಿ?"

"ಈ ಕ್ಯಾಲೆಂಡರ್ ಹೋಗೂದು ನಮ್ಮ ಮಾವನಂಥವರ ಮನಿಗೆ ನೋಡ್ರಿ. ಅವರು ವರ್ಷಪೂರ್ತಿ ನೋಡತಾರ. ದಿನಾ ಮುಂಜಾನೆ ಎದ್ದು ಸುಳ್ಳು ನೋಡಬೇಕಾ?"

"ಹಂಗಾದ್ರ ಬಿಳಿ ಮುಗಲ ಹಾಕಿ ಕೊಡೂಣೇನು?"

ನಾನು ಪ್ರತಿಯನ್ನು ಮತ್ತೆ ದಾರಕ್ಕೆ ಸಿಕ್ಕಿಸಿದೆ. ಅವರೇ ಸ್ವಲ್ಪ ಮೆತ್ತಗಾಗಿ ಹೇಳಿದರು: ಬೆಳಗಾವಿಯಲ್ಲಿ ಒಬ್ಬರ ಹತ್ತಿರ ಹಳದಿ ಗಾಜು ನೋಡಿದ್ದೇನೆ, ಅದನ್ನು ಲೆನ್ಸಿನ ಮುಂದೆ ಹಿಡಿದರೆ ಆಕಾಶದ ನೀಲಿ ತಡೆದು ಮೋಡ ಎದ್ದು ಕಾಣುತ್ತದೆ, ಅದಕ್ಕೆ ಬೇಕಾದ ಹೊಸ ನಮೂನೆಯ ಪ್ಲೇಟು ಎರಡು ನಮ್ಮ ಪೆಟ್ಟಿಗೆಯಲ್ಲೇ ಉಳಿದಿವೆ, ಆದರೆ ಗಾಜು ಮುಂಬಯಿಯಿಂದ ತರಿಸಿದರೆ ದೀಪಾವಳಿ ದಾಟುತ್ತದೆ. ಇಷ್ಟು ಹೇಳಿ, ಮರುದಿನ ಯಮಕನಮರಡಿಗೆ ಒಂದು ಮದುವೆಯ ಮಾತುಕತೆಯ ಮನೆಯವರ ಗುಂಪುಚಿತ್ರ ತೆಗೆಯಲು ಹೊರಟರು. ಹೋಗಿ ಬರುವುದು ಸೇರಿ ಮೂರು ದಿನದ ಕೆಲಸ. ಮೆಟ್ಟಿಲಿಳಿಯುವಾಗ, "ಪ್ಲೇಟ ಎರಡ ಅದಾವ, ಮುಟ್ಟಬ್ಯಾಡ" ಎಂದೂ ಹೇಳಿದರು. ನಾನು ಆ ಎರಡನ್ನೂ ಮುಟ್ಟಲಿಲ್ಲ.

ಆದರೆ ಅದೇ ಕಪಾಟಿನಲ್ಲಿ ತೇವ ಹಿಡಿದು ಕೆಟ್ಟುಹೋದ ಹಳೆಯ ಪ್ಲೇಟುಗಳ ಒಂದು ಡಬ್ಬಿ ಇತ್ತು. ಅವುಗಳ ಮೇಲಿನ ಔಷಧ ತೊಳೆದು ತೆಗೆದರೆ ಗಾಜಿನ ಮೇಲೆ ತಿಳಿಯಾದ ಅಂಟಿನ ಪದರವೊಂದು ಉಳಿಯುತ್ತದೆಂದು ನನಗೆ ಗೊತ್ತಿತ್ತು. ಆ ಅಂಟು ಬಣ್ಣ ಹೀರುತ್ತದೆ. ಹಳದಿ ಬಣ್ಣಕ್ಕೆ ನಾನು ಮುಂಬಯಿಗೆ ಯಾಕೆ ಹೋಗಲಿ?

ಅಡಿಗೆ ಮನೆಯಿಂದ ಅರಿಶಿನ ತಂದು, ದೀಪ ಹೊತ್ತಿಸುವ ಸ್ಪಿರಿಟ್ಟಿನಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿದೆ. ಒಂದು ಬಟ್ಟಲಿನಲ್ಲಿ ಸುರಿದು ತೊಳೆದ ಗಾಜನ್ನು ಅದರಲ್ಲಿ ಮುಳುಗಿಸಿದೆ. ಸ್ವಲ್ಪ ಹೊತ್ತಿಗೆ ತೆಗೆದು ನೋಡಿದರೆ ಕೆಂಪು! ಹಣೆಗಿಡುವಂಥ ಕೆಂಪು. ನನಗೆ ಅಳುವೇ ಬಂತು. ಅತ್ತೆ ಹಿತ್ತಲಿಂದ ಬಂದವರು ನನ್ನ ಕೈಯಲ್ಲಿದ್ದ ಗಾಜು ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು.

"ಏನವಾ, ಕುಂಕುಮ ಮಾಡಾಕತ್ತೀಯೇನು? ಬಟ್ಟಲ ಯಾದರ್ಲೆ ತೊಳದಿ?"

"ಬಟ್ಟಿ ಒಗಿಯೂ ಸೋಡಾದ್ಲೆ."

"ಅದಕ್ಕ! ಅರಿಶಿಣಕ್ಕ ಸೋಡಾ, ಸುಣ್ಣ ಹತ್ತಿದ್ರ ಕೆಂಪ ಆಗದ ಏನ್ ಆಗತೈತಿ? ಹುಣಸಿಹಣ್ಣಿನ್ಲೆ ತಿಕ್ಕು."

ಅತ್ತೆಯವರೇ ಬಟ್ಟಲನ್ನು ಹುಣಸೆ ಹಚ್ಚಿ ತಿಕ್ಕಿ, ಬಾವಿಯ ನೀರಿನಿಂದ ಐದಾರು ಸಲ ಗಲಬರಿಸಿ ಕೊಟ್ಟರು. ಎರಡನೆಯ ಗಾಜು ಕಲೆಕಲೆಯಾಯಿತು. ಮೂರನೆಯದು ಸಮನಾಗಿ, ತುಪ್ಪದಂತೆ ಹಳದಿಯಾಗಿ ಒಣಗಿತು. ಮರುದಿನ ಮಧ್ಯಾಹ್ನ ಮಾಳಿಗೆಗೆ ಹೋಗಿ ಅದನ್ನು ಕಣ್ಣಿಗೆ ಹಿಡಿದೆ. ಬರಿಗಣ್ಣಿಗೆ ಚದುರಿದ ಹತ್ತಿಯಂತೆ ತೆಳ್ಳಗಿದ್ದ ಮೋಡಗಳು ಗಾಜಿನೊಳಗಿಂದ ಒಂದೊಂದೂ ಬೇರೆಯಾಗಿ, ಉರುಟಾಗಿ, ಕೆಳಗೆ ನೆರಳು ಹೊತ್ತು ನಿಂತಿದ್ದವು. ನಾನು ಅತ್ತೆಯವರನ್ನು ಕೂಗಿದೆ. ಅವರೂ ನೋಡಿದರು. ಇಬ್ಬರೂ ಸರದಿಯ ಮೇಲೆ ನೋಡುತ್ತ ಒಲೆಯ ಮೇಲಿನ ಬೇಳೆ ಹೊತ್ತಿಸಿಕೊಂಡೆವು.

ಗಂಡ ಮೂರನೆಯ ದಿನ ಬಂದರು. ಕೈಕಾಲು ತೊಳೆದು, ಲಿಂಗಪೂಜೆ ಮಾಡಿಕೊಂಡು ಉಂಡ ಮೇಲೆ, ಗಾಜನ್ನು ಕೈಗೆ ಕೊಟ್ಟು, "ಮುಗಲ ನೋಡ್ರಿ" ಎಂದೆ. ಅವರು ಅಂಗಳದಲ್ಲಿ ನಿಂತು ನೋಡಿದರು. ಕೈ ಇಳಿಸಿ ಬರಿಗಣ್ಣಿನಿಂದ ನೋಡಿದರು. ಮತ್ತೆ ಗಾಜು ಏರಿಸಿದರು. ಅವರ ತುಟಿ ಏನೋ ಲೆಕ್ಕ ಹಾಕುವಂತೆ ಅಲುಗುತ್ತಿತ್ತು.

"ಬೆಳಕ ಕಮ್ಮಿ ಹಾಯತೈತಿ" ಎಂದರು. "ಲೆನ್ಸಿನ ಮುಚ್ಚಳ ತಗದು ಒಂದು, ಎರಡು ಅಂತ ಎಣಿಸೂತನಕ ಬಿಡಬೇಕಾಗತೈತಿ. ನೀರು ಮಸರಿನಂಗ ಬರಬಹುದು." ಆಮೇಲೆ ನನ್ನ ಕಡೆ ತಿರುಗಿ, "ನಾಳಿಗೇ ಹೋಗೂಣ. ನೀನೂ ಬಾ" ಎಂದರು.

ಅತ್ತೆ ಒಳಗಿನಿಂದಲೇ, "ನಾನೂ ಬರತೇನಿ" ಎಂದರು. ಗೋಕಾಕದಲ್ಲೇ ಮುದುಕಿಯಾದವರು, ಎರಡು ಹರದಾರಿಯೊಳಗಿದ್ದ ಜಲಪಾತವನ್ನು ಮದುವೆಯಾದ ಹೊಸದರಲ್ಲಿ ಒಮ್ಮೆ ನೋಡಿದ್ದರಂತೆ.

ಶೀಗಿ ಹುಣ್ಣಿವೆ ಕಳೆದು ನಾಲ್ಕು ದಿನವಾಗಿತ್ತು. ಚಕ್ಕಡಿಯಲ್ಲಿ ಮೂವರೂ ಹೋದೆವು. ರಜೆಯ ದಿನ, ಸೇತುವೆಯ ಮೇಲೆ ಜನವೋ ಜನ. ಪೇಟ ಸುತ್ತಿದವರು, ಕೋಟು ಹಾಕಿದವರು, ಬುತ್ತಿ ಬಿಚ್ಚಿ ಕೂತ ಸಂಸಾರಗಳು. ಕಾಲಿಟ್ಟರೆ ತೂಗುವ ಸೇತುವೆಯ ಮೇಲೆ ಕ್ಯಾಮರಾ ನಿಲ್ಲಿಸುವಂತಿರಲಿಲ್ಲ. ದಂಡೆಯ ಒಂದು ಚಪ್ಪಟೆ ಬಂಡೆಯ ಮೇಲೆ ಮೂರು ಕಾಲಿನ ಸ್ಟ್ಯಾಂಡು ಊರಿ, ಕಾಲುಗಳಿಗೆ ಕಲ್ಲು ಆನಿಸಿದೆವು. ನನ್ನ ಕಿವಿಯ ತುಂಬ ನೀರಿನ ಸದ್ದು. ಚಿತ್ರದಲ್ಲಿ ನೂರು ಸಲ ನೋಡಿದ ಜಾಗ. ಹುಲ್ಲಿನ ಮೇಲಿಂದ ಬರುವ ಆ ತಂಪು ತುಂತುರು ಮಾತ್ರ ಯಾವ ಪ್ಲೇಟಿನಲ್ಲೂ ಇರಲಿಲ್ಲ.

ಗಂಡ ಅರಿಶಿನ ಗಾಜನ್ನು ಲೆನ್ಸಿಗೆ ಕೂರಿಸಿ, ಕಪ್ಪು ಬಟ್ಟೆಯೊಳಗೆ ತಲೆ ಹಾಕಿ ಚಿತ್ರ ಸರಿಮಾಡಿಕೊಂಡು, ಅತ್ತೆಯವರನ್ನೂ ಕರೆದು ಹಿಂದಿನ ಮಂಜುಗಾಜಿನಲ್ಲಿ ತೋರಿಸಿದರು. ಅಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ಬಟ್ಟೆಯೊಳಗಿಂದ ಅತ್ತೆಯವರ ಧ್ವನಿ ಬಂತು: "ಅಯ್ಯ, ನೀರು ಮ್ಯಾಲ ಏರಾಕತ್ತೈತಲ್ಲೋ!"

ಮೋಡಕ್ಕಾಗಿ ಕಾದೆವು. ಬಿಸಿಲು ಬಲಕ್ಕೆ ಹೊರಳಿತು. ಪಡುವಣದಿಂದ ಒಂದು ಸಾಲು ಮೋಡ, ದೊಡ್ಡದರ ಹಿಂದೆ ಎರಡು ಸಣ್ಣವು, ಮೆಲ್ಲಗೆ ಜಲಪಾತದ ನೆತ್ತಿಗೆ ಬರತೊಡಗಿದವು. ಗಂಡ ಗಡಿಬಿಡಿಯಲ್ಲಿ ಪ್ಲೇಟಿನ ಪೆಟ್ಟಿಗೆ ಸಿಕ್ಕಿಸಿದರು, ಮುಚ್ಚಳ ತೆಗೆದರು, ಎಣಿಸಿದರು, ಮುಚ್ಚಳ ಹಾಕಿದರು. ಆಮೇಲೆ ನೋಡಿದರೆ ಪ್ಲೇಟಿಗೆ ಬೆಳಕು ತಾಗದಂತೆ ತಡೆಯುವ ಮುಂದಿನ ತಗಡನ್ನು ಎಳೆಯುವುದನ್ನೇ ಮರೆತಿದ್ದರು. ಅದು ಹೊಳೆಯುವ ಮೊದಲೇ ಪೆಟ್ಟಿಗೆಯನ್ನು ಕ್ಯಾಮರಾದಿಂದ ಹೊರಗೆ ತೆಗೆದು, ಅವಸರದಲ್ಲಿ ಆ ತಗಡನ್ನು ಬಿಸಿಲಲ್ಲೇ ಎಳೆದುಬಿಟ್ಟಿದ್ದರು. ಆ ಪ್ಲೇಟಿನ ಕಥೆ ಅಲ್ಲಿಗೆ ಮುಗಿಯಿತು.

ಅಷ್ಟು ವರ್ಷ ಕ್ಯಾಮರಾ ಹಿಡಿದವರು. ಬಂಡೆಯ ಮೇಲೆ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಅತ್ತೆ ಬುತ್ತಿ ಬಿಚ್ಚಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಕೈಗೆ ಕೊಟ್ಟರು. "ಉಣ್ಣು. ಹೊಟ್ಟಿ ಹಸದಾಗ ಯಾವ ಕೆಲಸಾನೂ ನೆಟ್ಟಗಾಗಂಗಿಲ್ಲ" ಎಂದರು. ಅವರು ಉಂಡರು. ಉಣ್ಣುತ್ತ ಉಣ್ಣುತ್ತ ನಗೆ ಬಂತು ಅವರಿಗೆ. ಆಮೇಲೆ ನಮಗೂ ಬಂತು.

ಎರಡನೆಯ ಪ್ಲೇಟನ್ನು ಅವರು ಸಿಕ್ಕಿಸಿ, ತಗಡು ಎಳೆದು, ನನಗೆ ತೋರಿಸಿದರು. "ನಾ ಕ್ಯಾಮರಾ ಹಿಡಕೊಂಡಿರತೇನಿ. ಗಾಳಿ ಬ್ಯಾರೆ ಐತಿ. ಮೋಡ ನೋಡಾಕಿ ನೀನು. ಮುಚ್ಚಳಾನೂ ನೀನ ತಗಿ."

ನಾನು ಲೆನ್ಸಿನ ಪಕ್ಕದಲ್ಲಿ ನಿಂತೆ. ಅತ್ತೆ ಬಿಸಿಲು ಲೆನ್ಸಿಗೆ ಹೊಡೆಯದಂತೆ ಛತ್ರಿ ಹಿಡಿದರು. ಮೋಡದ ಒಂದು ತುಂಡು ಬಂಡೆಯ ಅಂಚಿಗೆ ಬರಲಿ ಎಂದು ಕಾದೆ. ಅದು ಬಂತು, ಅದರ ಬಲ ಅಂಚು ಹೊಳೆಯಿತು, ಬಂಡೆಗಳ ಬಲ ಅಂಚೂ ಹೊಳೆಯಿತು. ಮುಚ್ಚಳ ತೆಗೆದೆ. ಒಂದು. ಎರಡು. ಹಾಕಿದೆ. ನನ್ನ ಕೈ ನಡುಗಲಿಲ್ಲ. ಸಾಮಾನು ಕಟ್ಟಿ ಚಕ್ಕಡಿ ಹತ್ತಿದೆವು.

ಮನೆಗೆ ಬಂದವರೇ ಕತ್ತಲೆ ಕೋಣೆಗೆ ಹೋದೆವು. ಕೆಂಪು ದೀಪದ ಕೆಳಗೆ ಬಟ್ಟಲನ್ನು ಅಲುಗಿಸುತ್ತ ನಿಂತಾಗ, ಮೊದಲು ಮೂಡಿದ್ದು ನೀರಿನ ಎಳೆಗಳು. ಆಮೇಲೆ ಮೋಡ, ನಾವು ಹಾಕದೆಯೇ, ತನ್ನ ಜಾಗದಲ್ಲಿ ತಾನೇ ಬಂತು. ಗಂಡ ನನ್ನ ಭುಜ ಒತ್ತಿದರು. ನೀರು ಹೆಪ್ಪು ಹಾಕಿದ ಹಾಲಿನಂತೆ ಮೃದುವಾಗಿ ಬಂದಿತ್ತು. ಸೇತುವೆಯ ಮೇಲೆ ನಡೆಯುತ್ತಿದ್ದವರು ಹೊಗೆಯ ಎಳೆಯಂತಾಗಿದ್ದರು. ನಿಂತು ನೋಡುತ್ತಿದ್ದವರಷ್ಟೇ ಸಣ್ಣ ಸಣ್ಣ ಕಡ್ಡಿಗಳಂತೆ ಉಳಿದಿದ್ದರು.

ತಿದ್ದುವ ಮೇಜಿನ ಮುಂದೆ ಮತ್ತೆ ಕೂತೆ. ಗಾಜಿಗೆ ಹತ್ತಿದ ಧೂಳಿನ ಏಳೆಂಟು ಗುರುತುಗಳನ್ನು ಪೆನ್ಸಿಲ್ಲಿನಿಂದ ತುಂಬಿದೆ. ಅತ್ತೆಯವರ ಛತ್ರಿಯ ಒಂದು ಮೂಲೆ ಮೇಲೆ ನುಸುಳಿತ್ತು. ಅಷ್ಟನ್ನು ಪ್ರತಿಯಲ್ಲಿ ಕತ್ತರಿಸಿದರೆ ಸಾಕಿತ್ತು. ಎಡದಂಡೆಯ ತಂತಿಕಂಬದ ಹತ್ತಿರ ಬಂದಾಗ ಚಾಕು ಕೈಗೆ ತೆಗೆದುಕೊಂಡವಳು ಹಾಗೇ ಕೂತೆ.

"ಯಾಕ ನಿಂತಿ?" ಎಂದರು ಗಂಡ.

"ಧೂಳು ನಮ್ಮ ಕೋಣೀದರಿ. ಕಂಬ ಅಲ್ಲಿದು."

ಅವರು ಸ್ವಲ್ಪ ಯೋಚಿಸಿ, "ಇರ್ಲಿ ಬಿಡು ಹಂಗಾರ" ಎಂದರು.

ಎರಡು ಚಿತ್ರಗಳನ್ನೂ ಹಿಡಿದುಕೊಂಡು ಮೂಡಲಗಿಗೆ ಹೋದೆವು. ವ್ಯಾಪಾರಿಯ ಅಂಗಡಿಯಲ್ಲಿ ಹಾಸಿದ ಜಾಜಮಿನ ಮೇಲೆ ಕೂತು ನನ್ನ ಗಂಡ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಮೊದಲಿನದರಲ್ಲಿ ಮೋಡ ಬೇರೆ ಕಾಲದ್ದು, ಇದರಲ್ಲಿ ಅಲ್ಲಿಯದೇ ಎಂದರು. ವ್ಯಾಪಾರಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಅವರ ಮುಖ ನೋಡಿದರೇ ಗೊತ್ತಾಯಿತು. ಮನಸ್ಸು ಮೊದಲಿನದರ ಮೇಲೇ ಇತ್ತು.

"ಖರೆ ಹೇಳ್ತೇನ್ರಿ, ಸಿಟ್ಟ ಆಗಬ್ಯಾಡ್ರಿ" ಎಂದರು. "ಇದರಾಗ ಏನೋ ಜೋರ್ ಐತಿ. ನಿಮ್ಮ ಹೊಸಾದು ಸಪ್ಪಗ ಕಾಣತೈತಿ. ಮತ್ತ ಕಂಬಾ ಯಾಕ ಬಿಟ್ಟೀರಿ?"

ನಾನು ಸೆರಗಿನ ಮರೆಯಲ್ಲಿ ಕೈ ಹಿಸುಕಿಕೊಳ್ಳುತ್ತ ಕೂತಿದ್ದೆ. ಅಂಗಡಿಯಲ್ಲಿ ಧೋತರ ನೋಡುತ್ತಿದ್ದ ಹಳ್ಳಿಯ ರೈತರು ಮೂರು ನಾಲ್ಕು ಜನ ಇದ್ದರು. ವ್ಯಾಪಾರಿ ಅವರನ್ನು ಕರೆದರು. "ಬರ್ರಿ ಇಲ್ಲಿ. ಕ್ಯಾಲೆಂಡರ್ ನಿಮ್ಮ ಮನಿಗೇ ಬರೂದು. ಯಾವದು ಬೇಕು ಹೇಳ್ರಿ." ಯಾವುದು ಹೇಗೆ ಮಾಡಿದ್ದೆಂದು ಅವರಿಗೆ ಹೇಳಲಿಲ್ಲ.

ರೈತರು ಬಗ್ಗಿ ನೋಡಿದರು. ಕಪ್ಪು ಮೋಡದ ಚಿತ್ರ ನೋಡಿ ಒಬ್ಬ, "ಚಂದ ಐತ್ರಿ. ನಾಟಕದ ಪರದೆ ಇದ್ದಂಗ ಐತಿ" ಎಂದ. ಎಲ್ಲರೂ ಹೌದೆಂದರು. ಎರಡನೆಯದನ್ನು ವಯಸ್ಸಾದ ಒಬ್ಬರು ಕೈಗೆತ್ತಿಕೊಂಡು ಬಾಗಿಲ ಬೆಳಕಿಗೆ ಹೋದರು. ಅವರು ನೀರನ್ನು ನೋಡಲಿಲ್ಲ. ಮೋಡದ ಮೇಲೆ ಬೆರಳಾಡಿಸುತ್ತ, "ಇದು ಯಾವತ್ತಿಂದರಿ? ಈ ವಾರದ್ದ?" ಎಂದು ಕೇಳಿದರು.

"ನಾಲ್ಕು ದಿನದ ಹಿಂದಿಂದು" ಎಂದರು ನನ್ನ ಗಂಡ.

ಅವರು ಜೊತೆಯವನ ಕಡೆ ತಿರುಗಿದರು. "ನೋಡಪಾ, ಫಾಲ್ಸಿನ ಕಡೆ ಪಡುವಣ ಮೋಡ ಹಿಂಗ ಬಂದಾವು. ಚಿತ್ತಿ ಮಳಿ ಇನ್ನೊಂದ ಸಲ ಹನಸತೈತಿ. ಬಿಳಿಜ್ವಾಳ ಬಿತ್ತೂದು ನಾಕು ದಿನ ತಡಿಯೂಣ."

ಜೊತೆಯವನೂ ಚಿತ್ರ ನೋಡಿ, ಇಲ್ಲ, ಈ ಮೋಡ ಬರೇ ಒಣ ಮೋಡ, ಮಳೆ ತರುವುದಿಲ್ಲ ಎಂದು ವಾದಕ್ಕೆ ನಿಂತ. ಕೊಳ್ಳಲು ತೆಗೆಸಿದ್ದ ಧೋತರ ಅಲ್ಲೇ ಉಳಿಯಿತು. ಇಬ್ಬರೂ ಚಿತ್ರವನ್ನು ಆಚೆಯಿಂದ ಈಚೆಗೆ ಎಳೆಯುತ್ತ, ಬಿತ್ತನೆಯ ಬಗ್ಗೆ, ಹೋದ ವರ್ಷದ ಚಿತ್ತೆಯ ಬಗ್ಗೆ, ಹೊಲದ ಹಸಿಯ ಬಗ್ಗೆ ಮಾತಾಡುತ್ತಲೇ ಇದ್ದರು. ಅದು ಚಿತ್ರ ಎಂಬುದನ್ನೇ ಅವರು ಮರೆತಿದ್ದರು. ಕಂಬದ ಕಡೆ ಯಾರೂ ನೋಡಲಿಲ್ಲ.

ವ್ಯಾಪಾರಿ ಗದ್ದಕ್ಕೆ ಕೈ ಹಚ್ಚಿ ಅವರನ್ನೇ ನೋಡುತ್ತಿದ್ದರು. ಆಮೇಲೆ ನಿಧಾನವಾಗಿ ಕಪ್ಪು ಮೋಡದ ಚಿತ್ರವನ್ನು ಮಡಿಕೆಯಾಗದಂತೆ ಸುತ್ತಿ ನನ್ನ ಗಂಡನ ಕೈಗೆ ಕೊಟ್ಟರು.

"ಇದು ನಿಮಗ ಇರ್ಲಿ" ಎಂದರು. "ಕೊಲ್ಹಾಪುರದ ಅಚ್ಚುಕೂಟಕ್ಕ ಆ ಹೊಸಾ ಚಿತ್ರಾನ ಕಳಸತೇನಿ. ಮೊದಲ ಅವರ ಕೈಯಾಗಿಂದ ಬಿಡಸ್ಕೋಬೇಕು."

ಕ್ಯಾಲೆಂಡರ್ ಬಂದ ಮೇಲೆ ಹುಕ್ಕೇರಿಯ ನಮ್ಮ ಮನೆಗೂ ಒಂದು ಹೋಯಿತು. ನಮ್ಮ ತಂದೆ ಅದನ್ನು ಬೆಲ್ಲದ ಅಂಗಡಿಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿ, ಬಂದವರಿಗೆಲ್ಲ "ಮೋಡ ನೋಡ್ರಿ, ಮೋಡ" ಎನ್ನುತ್ತಿದ್ದರಂತೆ. ನನ್ನ ಗಂಡ ನಮ್ಮ ಅಂಗಡಿಗೆಂದು ಇಟ್ಟುಕೊಂಡ ಪ್ರತಿಯ ಹಿಂದೆ, ಅಂಗಡಿಯ ಹೆಸರಿನ ಶಿಕ್ಕೆ ಹೊಡೆಯುವ ಮೊದಲು ಪೆನ್ಸಿಲ್ಲಿನಿಂದ ನನ್ನ ಹೆಸರು ಬರೆದರು. ನಾನು ನೋಡಿದ್ದನ್ನು ನೋಡಿ, "ಮುಚ್ಚಳ ತಗದಾಕಿ ನೀನಲ್ಲ?" ಎಂದಷ್ಟೇ ಅಂದರು.

ಆ ವರ್ಷದ ನಂತರ ಪರದೆ ಪಾಲಿಸುವ ಹೆಣ್ಣುಮಕ್ಕಳು, ಗಂಡಸರ ಮುಂದೆ ಕುರ್ಚಿಯ ಮೇಲೆ ಕೂರಲು ನಾಚುವವರು, ನಾನೇ ಫೋಟೋ ತೆಗೆದರೆ ಕೂರುತ್ತೇವೆಂದು ಕೇಳಿಕೊಂಡು ಬರತೊಡಗಿದರು. ಪೆನ್ಸಿಲ್ಲಿನ ಕೆಲಸವೂ ನನ್ನದೇ ಆಗಿ ಉಳಿಯಿತು, ಆದರೆ ದಿನವೆಲ್ಲ ಅದರ ಮೇಲೆಯೇ ಬಗ್ಗಿ ಕೂರುವುದು ತಪ್ಪಿತು. ಮುಂದಿನ ಮಹಾನವಮಿ ಕಳೆದ ಮೇಲೆ ದಡ್ಡಿಯಿಂದ ಒಬ್ಬರು ಬಂದು, ಹೊಳೆಯ ದಂಡೆಯ ತಮ್ಮ ತೋಟದ ಚಿತ್ರ ತೆಗೆದುಕೊಡಬೇಕೆಂದರು. "ಮೋಡದ ಬಾಯಾರು ಬರಬೇಕ್ರಿ ಮತ್ತ" ಎಂದು ನನ್ನ ಕಡೆ ಕೈ ಮಾಡಿ ಒತ್ತಿ ಹೇಳಿದರು. ನನ್ನ ಗಂಡ ಚಕ್ಕಡಿ ಹೂಡಿದರು. ದಾರಿಯುದ್ದಕ್ಕೂ ಗುರೆಳ್ಳಿನ ಹೂವು, ಮೇಲೆ ತೊಳೆದಿಟ್ಟಂಥ ಆಕಾಶ. ಎದುರಿಗೆ ಸಿಕ್ಕ ಪರಿಚಯದವರೊಬ್ಬರು, "ಏನ್ರಿ, ಫೋಟೋ ತಗಿಯಾಕ ಹೊಂಟೀರೇನು?" ಎಂದು ಕೇಳಿದರು.

"ನಾ ಅಲ್ರಿ, ಇಕಿ ಹೊಂಟಾಳ" ಎಂದರು ನನ್ನ ಗಂಡ, ಎತ್ತುಗಳ ಹಗ್ಗ ಸಡಿಲಿಸುತ್ತ. "ನಾ ಇವತ್ತ ಬರೇ ಚಕ್ಕಡಿ ಹೊಡಿಯಾಂವ."